ನಾಕಾದಲ್ಲಿ ಹೊಸ ಜೋಡಿ

ಕಲ್ಯಾಣ ಪೂರ್ವದ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವ ಮೂಲೆಯಲ್ಲಿ, ಬೆಳಿಗ್ಗೆ ಕೂಲಿಗೆ ನಿಲ್ಲುವವರಿಗೆ ಒಂದು ಕಟ್ಟುಪಾಡು ಇತ್ತು. ಗಂಡಸು ಒಂಟಿಯಾಗಿ ನಿಲ್ಲಬಹುದು, ಹೆಂಗಸು ನಿಲ್ಲುವಂತಿಲ್ಲ. ಗುತ್ತಿಗೆದಾರರು ಟೆಂಪೊ ನಿಲ್ಲಿಸಿ ಕೇಳುವುದೇ “ಜೋಡಿ ಕಿತನಾ ಹೈ?”, ಎಷ್ಟು ಜೋಡಿ ಇವೆ ಎಂದು. ಜೋಡಿ ಎಂದರೆ ಗಂಡ ಹೆಂಡತಿ. ಗಂಡ ಸಿಮೆಂಟು ಕಲಸುತ್ತಾನೆ, ಹೆಂಡತಿ ಬುಟ್ಟಿ ಹೊರುತ್ತಾಳೆ, ಸಂಜೆ ಇಬ್ಬರ ಪಗಾರವೂ ಗಂಡನ ಕೈಗೆ ಬೀಳುತ್ತದೆ. ಹೆಂಗಸು ಯಾವ ಗಂಡಸಿನ ಪಕ್ಕ ನಿಂತಳೋ ಅವನ ಜೋಡಿ ಎಂದೇ ಅರ್ಥ. ಇದನ್ನು ಯಾರೂ ಗೋಡೆಯ ಮೇಲೆ ಬರೆಸಿರಲಿಲ್ಲ. ಬರೆಸಿದ್ದರೆ ಅಳಿಸಬಹುದಿತ್ತು.

ಮರಗಮ್ಮ ಈ ನಾಕಾಕ್ಕೆ ಬಂದ ಕಾಲಕ್ಕೆ ಇಲ್ಲಿಯ ರಸ್ತೆಗೆ ಡಾಂಬರು ಬಿದ್ದಿರಲಿಲ್ಲ. ಜೇವರ್ಗಿ ಕಡೆಯ ಹಳ್ಳಿಯಿಂದ ಗಂಡನ ಹಿಂದೆ ಬಂದಳು, ಅವನ ಪಕ್ಕ ನಿಂತಳು, ಅವನು ಕಲಸಿದ್ದನ್ನು ಹೊತ್ತಳು. ಅವನನ್ನು ಮಣ್ಣು ಮಾಡಿದ ಮೇಲೆ ಬುಟ್ಟಿಯನ್ನು ಅಟ್ಟಕ್ಕೆ ಎಸೆದು ಮನೆ ಹಿಡಿದಳು. ಮೊಣಕಾಲು ಆಗಲೇ ಕೈಕೊಟ್ಟಿದ್ದವು. ಈಗ ಹೋಟೆಲಿನವರಿಗೆ ಬೆಳ್ಳುಳ್ಳಿ ಸುಲಿದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಆದರೂ ಕಲಬುರಗಿ, ರಾಯಚೂರು ಕಡೆಯಿಂದ ಗಂಟುಮೂಟೆ ಹೊತ್ತು ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದವರು ಮೊದಲು ಕೇಳುತ್ತಿದ್ದುದು ಅವಳ ಒಂದೇ ಕೋಣೆಯ ಮನೆಯನ್ನು, ಮರಗವ್ವನ ಖೋಲಿ ಎಲ್ಲಿ ಎಂದೇ.

ಬಂದವರಿಗೆ ಅವಳು ಮೊದಲು ಚಹಾ ಕೊಡುವಳು, ಆಮೇಲೆ ಊರು ತೋರಿಸುವಳು. ನಳಕ್ಕೆ ನೀರು ಬರುವ ಹೊತ್ತು, ಸಂಡಾಸಿನ ಸರದಿ, ಮಕ್ಕಳ ಬಾಲವಾಡಿಯ ಟೀಚರಬಾಯಿ, ಮುನಸಿಪಾಲ್ಟಿ ದವಾಖಾನೆ, ಸ್ಟೇಷನ್ನಿನ ಯಾವ ಸೇತುವೆ ಎಲ್ಲಿ ಇಳಿಸುತ್ತದೆ, ಲೋಕಲ್ ಗಾಡಿಯ ಹೆಂಗಸರ ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆ.

“ಆಧಾರ್ ಕಾರ್ಡ್ ತೋರ್ಸು, ಕೊಡಬ್ಯಾಡ” ಎನ್ನುವಳು. “ಯಾರ ಕೇಳಿದ್ರೂ ನಿನ್ನ ಕೈಯಾಗs ಹಿಡದು ತೋರ್ಸು. ಗಾಡಿ ಬಂತಂತ ಓಡಬ್ಯಾಡ. ಇನ್ನೊಂದು ಗಾಡಿ ಬರ್ತದ, ಇನ್ನೊಬ್ಬಾಕಿ ನೀ ಬರಂಗಿಲ್ಲ.”

ಹಾಗೆ ದೀಪಾವಳಿ ಮುಗಿದ ಮೇಲೆ ಬಂದವಳು ದಾನೇಶ್ವರಿ. ಗಂಡ ಪುಣೆಯಲ್ಲಿ ಬೇರೆ ಸಂಸಾರ ಹೂಡಿದ್ದ. ತವರಿನಲ್ಲಿ ಅಣ್ಣ ಅವಳಿಗೆ ಎರಡನೇ ಸಂಬಂಧ ಹುಡುಕುತ್ತಿದ್ದ. ಅವಳು ಮಗಳು ಅಶ್ಮಿತಾಳನ್ನು ಸೊಂಟಕ್ಕೆ ಏರಿಸಿಕೊಂಡು, ಜೋಳದ ಚೀಲ ತಲೆಗೆ ಇಟ್ಟುಕೊಂಡು ಗಾಡಿ ಹತ್ತಿದ್ದಳು. ಮರಗಮ್ಮನ ಬಾಗಿಲಲ್ಲಿ ಚೀಲ ಇಳಿಸಿ ಅವಳು ಆಡಿದ ಮೊದಲ ಮಾತು, “ಎವ್ವಾ, ನಾ ಹೊಳ್ಳಿ ಹೋಗಾಕ ಬಂದಿಲ್ಲ.”

ಮಗುವನ್ನು ಬಾಲವಾಡಿಗೆ ಸೇರಿಸಲು ಮರಗಮ್ಮ ಹೋದ ದಿನ ದಾನೇಶ್ವರಿ ಒಬ್ಬಳೇ ನಾಕಾಕ್ಕೆ ಹೋದಳು. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಅಂಗಡಿಯ ತಗಡಿನ ಕೆಳಗೆ ಲಾತೂರಿನ ಕಡೆಯ, ಗಾರೆ ಕೆಲಸದ ಒಬ್ಬ ಗೌಂಡಿ ನಿಂತಿದ್ದ, ಅವನ ಪಕ್ಕ ಒಂದಿಷ್ಟು ನೆರಳು ಖಾಲಿ ಇತ್ತು. ಇವಳು ಹೋಗಿ ನಿಂತಳು. ಊರಲ್ಲಿ ಬಸ್ಸು ಕಾಯುವಾಗ ನಿಲ್ಲುವುದಿಲ್ಲವೇ, ಹಾಗೆ. ಟೆಂಪೊ ಬಂತು. “ಜೋಡಿ?” ಎಂದ ಗುತ್ತಿಗೆದಾರ, ಇಬ್ಬರಿಗೂ ಕೈ ಬೀಸಿ ಹತ್ತಲು ಹೇಳಿದ. ಕೆಲಸ ಸಿಕ್ಕಿತು ಎಂದು ಅವಳು ಹಿಗ್ಗಿ ಹತ್ತಿ ಕೂತಳು. ಗೌಂಡಿ ಹತ್ತಲಿಲ್ಲ. ನಾಚಿಕೊಂಡು ನಗುತ್ತ ನಿಂತ. ಇಡೀ ನಾಕಾ ಹೋ ಎಂದಿತು.

“ಬಂದು ಎಂಟು ದಿನಕ್ಕs ಗಂಡನ್ನ ಹಿಡದಳಪ್ಪೋ!”

“ಏ ಗೌಂಡಿ, ಹೂವಿನ ಹಾರ ತರ್ಲೇನು?”

ಏನಾಯಿತೆಂದು ತಿಳಿದ ಕೂಡಲೇ ದಾನೇಶ್ವರಿ ಟೆಂಪೊದಿಂದ ಇಳಿದುಬಿಟ್ಟಳು.

ಅಂದು ಸಂಜೆ ಮಾಪಣ್ಣ ಮರಗಮ್ಮನ ಬಾಗಿಲಿಗೆ ಬಂದ. ಅವನು ನಾಕಾದ ಹಿರಿಯ. ಯಾರೂ ಅವನನ್ನು ಕೂಲಿಗಳ ಮೇಲಿನ ಮುಕಾದಮ ಮಾಡಿರಲಿಲ್ಲ, ಆದರೆ ಗುತ್ತಿಗೆದಾರರು ಮಾತಾಡುತ್ತಿದ್ದುದು ಅವನ ಹತ್ತಿರವೇ. ಹಿಂದೆಯೇ ಬಾಗಿ ಎಂಬ ಅವನ ಹೆಂಡತಿಯೂ ಬಂದು ಹೊಸ್ತಿಲ ಮೇಲೆ ಕೂತು, ಕೇಳದೆಯೇ ಬೆಳ್ಳುಳ್ಳಿ ಸುಲಿಯತೊಡಗಿದಳು.

“ನೋಡವ್ವಾ ತಂಗಿ” ಎಂದ ಮಾಪಣ್ಣ, “ಒಂಟಿ ಹೆಂಗಸಿಗಿ ಇಲ್ಲಿ ಕೆಲಸ ಸಿಗಂಗಿಲ್ಲ. ನಮ್ಮ ತಮ್ಮನ ಮಗ ಭೀಮು ಅದಾನ. ಅಂವನೂ ಒಂಟಿ. ಅವನ ಬಾಜೂಕ ನಿಂತ್ಕೋ. ಹೆಸರಿಗಷ್ಟ.”

“ಸಂಜೀಕ ಪಗಾರ ಯಾರ ಕೈಯಾಗ, ಕಾಕಾ?”

“ಭೀಮೂನ ಕೈಯಾಗ. ರಿವಾಜು. ಆಮ್ಯಾಲ ಅಂವ ನಿನಗ ಕೊಡ್ತಾನ.”

“ಮತ್ತ ನಾಳಿ ಅಂವ ಹೆಸರಿಗಷ್ಟ ಸಾಕಾಗವಲ್ದು ಅಂದ್ರ?”

ನಗು ತಡೆಯಲು ಬಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಪಣ್ಣನ ಮುಖ ಕೆಂಪಾಯಿತು.

“ಹೆಸರಿಗಷ್ಟ ಅಂತೀರಿ. ಹೆಸರು ನಂದs ಅಲ್ಲೇನು? ನಾ ಕೊಡಂಗಿಲ್ಲ” ಎಂದಳು ದಾನೇಶ್ವರಿ.

“ಮರಗವ್ವಾ, ಹುಡುಗಿಗಿ ಬುದ್ಧಿ ಹೇಳು.”

“ಬುದ್ಧಿ ಅದ ಆಕಿಗಿ” ಎಂದಳು ಮರಗಮ್ಮ, ಸುಲಿಯುವುದನ್ನು ನಿಲ್ಲಿಸದೆ. “ನೀ ಚಹಾ ಕುಡದು ಹೋಗು.”

ದಾನೇಶ್ವರಿ ಮಾರನೆಯ ದಿನವೂ ನಾಕಾಕ್ಕೆ ಹೋದಳು, ಅದರ ಮಾರನೆಯ ದಿನವೂ ಹೋದಳು. ಯಾರ ಪಕ್ಕವೂ ನಿಲ್ಲದೆ, ಎಲ್ಲರಿಂದ ಮಾರು ದೂರ. ಟೆಂಪೊಗಳು ಅವಳನ್ನು ಕಂಬವನ್ನು ದಾಟಿದಂತೆ ದಾಟಿ ಹೋದವು. ಅಷ್ಟರಲ್ಲಿ ಅಫಜಲಪುರದಿಂದ ಅಣ್ಣನ ಫೋನು ಬಂತು. ಅವನ ದನಿ ಖೋಲಿಗೆಲ್ಲ ಕೇಳುವಂತಿತ್ತು.

“ತೊಗರಿ ರಾಶಿ ಮುಗಿಯೂತನಕ ನೋಡ್ತೀನಿ. ಕೆಲಸ ಸಿಗ್ಲಿಲ್ಲಂದ್ರ ನಾನs ಬಂದು ಕರ್ಕೊಂಡು ಬರ್ತೀನಿ. ಗಂಡು ಗೊತ್ತು ಮಾಡೀನಿ. ವಯಸ್ಸಾದ್ರ ಏನಾತು, ನೀರಾವರಿ ಹೊಲ ಅದ.”

“ಹೊಲ ಅಷ್ಟು ಛಲೋ ಇದ್ರ ಹೊಲಾನs ನೀ ಲಗ್ನ ಮಾಡ್ಕೋ” ಎಂದು ಅವಳು ಫೋನು ಇಟ್ಟಳು. ಆದರೆ ಆಮೇಲೆ ಮಗಳ ಜಡೆ ಹೆಣೆದು ಬಿಚ್ಚಿದಳು, ಮತ್ತೆ ಹೆಣೆದಳು. ಅಣ್ಣ ಹೇಳಿದ್ದನ್ನು ಮಾಡುವ ಮನುಷ್ಯ.

ಮರಗಮ್ಮ ನೋಡುತ್ತ ಕೂತಿದ್ದಳು. ಅವಳಿಗೆ ತನ್ನ ಗಂಡನ ಅಂಗಿಯ ಜೇಬು ನೆನಪಾಯಿತು. ಅವನು ಕೆಟ್ಟವನಲ್ಲ. ಆದರೂ ಮದ್ದು ತರಬೇಕಾದರೆ, ಈಗ ಅತ್ತೆಮನೆಯಲ್ಲಿರುವ ತನ್ನ ಮಗಳಿಗೆ ಬಳೆ ತೊಡಿಸಬೇಕಾದರೆ, ತಾನೇ ಹೊತ್ತ ಬುಟ್ಟಿಗಳ ಪಗಾರವನ್ನು ಆ ಜೇಬಿನ ಎದುರು ಕೈಯೊಡ್ಡಿ ಕೇಳಬೇಕಿತ್ತು. ಅವನು ಒಮ್ಮೆಯೂ ಇಲ್ಲ ಎನ್ನಲಿಲ್ಲ. ಯಾಕೆ ಎಂದು ಕೇಳದೆ ಒಮ್ಮೆಯೂ ಕೊಡಲಿಲ್ಲ.

“ದಾನೇಶೀ” ಎಂದಳು. “ಅಟ್ಟದ ಮ್ಯಾಲಿನ ಬುಟ್ಟಿ ಇಳಸು.”

ಬೆಳಿಗ್ಗೆ ಮೊಣಕಾಲಿಗೆ ಹಳೇ ಸೀರೆಯ ಪಟ್ಟಿ ಬಿಗಿದು, ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಹೋಗಿ ದಾನೇಶ್ವರಿಯ ಪಕ್ಕ ನಿಂತಳು. ಭುಜಕ್ಕೆ ಭುಜ ತಾಗುವಂತೆ.

ಇಡೀ ನಾಕಾ ತಿರುಗಿ ನೋಡಿತು. ಆಮೇಲೆ ಒಬ್ಬ ಕೂಗಿದ, “ಏನ್ ಮರಗವ್ವಾ, ಈ ವಯಸ್ಸಿನಾಗ ಎರಡನೇ ಲಗ್ನ ಏನು?”

“ಹೌದೋ. ಮೊದಲನೇದರ ಊಟ ಉಂಡೀದಿ, ಇದರದು ನಿನಗಿಲ್ಲ.”

ನಕ್ಕರು. ಆದರೆ ಕರೆಯಲಿಲ್ಲ. ಬಂದ ಗುತ್ತಿಗೆದಾರರು ಮಾಪಣ್ಣನ ಮುಖ ನೋಡುವರು, ಅವನು ತಲೆ ಅಲ್ಲಾಡಿಸುವನು, ಟೆಂಪೊ ಮುಂದಕ್ಕೆ ಹೋಗುವುದು. ಆ ವಾರವೆಲ್ಲ ಹೀಗೇ ಆಯಿತು. ಮರಗಮ್ಮ ಬಿಸಿಲೇರುವ ತನಕ ನಿಲ್ಲುವಳು, ಮನೆಗೆ ಬಂದು ಬೆಳ್ಳುಳ್ಳಿ ಸುಲಿಯುವಳು, ಮರುದಿನ ಮತ್ತೆ ಬಂದು ನಿಲ್ಲುವಳು. ಯಾರ ಮೇಲೂ ಕೂಗಾಡಲಿಲ್ಲ.

ತೊಗರಿ ರಾಶಿ ಶುರುವಾಯಿತು. ಅರ್ಧ ನಾಕಾ ಊರಿಗೆ ಹೋಯಿತು. ಅಂಥ ಒಂದು ಬೆಳಿಗ್ಗೆ ಸರ್ವೋತ್ತಮನ ಟೆಂಪೊ ಬಂದು ನಿಂತಿತು. ಅವನು ಉಡುಪಿ ಕಡೆಯವನು, ಹಳೇ ಬಿಲ್ಡಿಂಗುಗಳ ರಿಪೇರಿ ಗುತ್ತಿಗೆ ಹಿಡಿಯುತ್ತಿದ್ದ. ಅಂದು ಡೊಂಬಿವಲಿಯ ಒಂದು ವಸತಿ ಸೊಸೈಟಿಯಲ್ಲಿ ತಾರಸಿಗೆ ಗಚ್ಚು ಹಾಕುವ ಕೆಲಸ.

“ಮಾಪಣ್ಣಾ, ನಾಲ್ಕು ಜೋಡಿ ಬೇಕಿತ್ತು ಮಾರಾಯ.”

“ಮೂರು ಅದಾವ ಸೇಠ್. ಎಲ್ಲಾರೂ ರಾಶಿಗಿ ಹೋಗ್ಯಾರ.”

ಅವರು ಮಾತಾಡುತ್ತಿದ್ದಂತೆಯೇ ಮರಗಮ್ಮ ಬುಟ್ಟಿಯನ್ನು ಟೆಂಪೊದೊಳಗೆ ಎಸೆದಳು. ದಾನೇಶ್ವರಿ ಹತ್ತಿ ಕೈ ಕೊಟ್ಟಳು. ಮುದುಕಿ ಏದುಸಿರು ಬಿಡುತ್ತ ಹತ್ತಿ ಕೂತಳು.

ಸರ್ವೋತ್ತಮ ಕಣ್ಣು ಕಣ್ಣು ಬಿಟ್ಟ. “ಅಜ್ಜಿ, ಎಂತ ಇದು? ಇಳೀರಿ. ನಿಮ್ಮ ಪ್ರಾಯಕ್ಕೆ ಇದು ಆಗುದಿಲ್ಲ.”

“ಆಗ್ಲಿಲ್ಲಂದ್ರ ಸಂಜೀಕ ಹೇಳ್ರಿ. ಮುಂಜಾನಿನs ಹ್ಯಾಂಗ ಗೊತ್ತಾತು?”

“ಜೋಡಿ ಅಂದ್ರೆ ಗಂಡ ಹೆಂಡ್ತಿ ಮಾರಾಯ್ತಿ! ಇಬ್ರೂ ಹೆಂಗಸ್ರು ನೀವು. ಮಾಲು ಕಲಸುದು ಯಾರು?”

“ನಾನು. ನನ್ನ ಗಂಡ ಜನ್ಮ ಪೂರಾ ಕಲಸಿದ ಅಂತಾರ. ಅಂವ ತಂಬಾಕು ತಿಕ್ಕೊತ ಕುಂತಾಗ ಕಲಸಿದಾಕಿ ನಾನs.”

ಆಗಲೇ ಟೆಂಪೊ ಹತ್ತಿ ಕೂತಿದ್ದ ಹೆಂಗಸರು ಮುಸಿಮುಸಿ ನಕ್ಕರು. ಬಾಗಿಯಂತೂ ಜೋರಾಗಿಯೇ ನಕ್ಕಳು. ಮಾಪಣ್ಣ ಬಾಯಿ ತೆಗೆಯುವಷ್ಟರಲ್ಲಿ ಸರ್ವೋತ್ತಮ ಗಡಿಯಾರ ನೋಡಿಕೊಂಡ. ಸಿಮೆಂಟು ಆಗಲೇ ಸೊಸೈಟಿಯ ಬಾಗಿಲಿಗೆ ಬಂದು ಬಿದ್ದಿತ್ತು. “ಒಂದು ದಿನಕ್ಕೆ ಮಾತ್ರ, ಆಯ್ತಾ?” ಎಂದು ಟೆಂಪೊ ಬಿಡಿಸಿದ.

ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಜೋಡಿಗೊಂದರಂತೆ ಗಂಡಸಿನ ಹೆಸರು ಬರೆದುಕೊಂಡು ಒಳಗೆ ಬಿಡುತ್ತಿದ್ದ. ಇವರ ಸರದಿ ಬಂತು. “ಆದ್ಮಿ ಕಿಧರ್ ಹೈ?” ಎಂದು ಅವನು ಗಂಡಸನ್ನು ಹುಡುಕಿದ.

“ಆದ್ಮಿ ನಹಿ. ಜೋಡಿ ಹೈ” ಎಂದಳು ಮರಗಮ್ಮ. “ದಾನೇಶ್ವರಿ ಲಿಖೋ. ಉಸ್ಕೆ ಬಾಜೂ ಮೇ ಮರಗಮ್ಮ.” ಅವನು ಬರೆದುಕೊಳ್ಳುವ ತನಕ ಅವಳು ಅಲ್ಲಾಡಲಿಲ್ಲ. ಹಿಂದೆ ನಿಂತಿದ್ದವರು ಕಾದರು.

ಕೆಲಸ ಸಲೀಸಾಗಿ ನಡೆಯಿತೆಂದರೆ ಸುಳ್ಳಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಗಮ್ಮನ ಮೊಣಕಾಲು ಮಡಚದಾಯಿತು, ಕೂತೇ ಕಲಸಿದಳು. ದಾನೇಶ್ವರಿ ತನ್ನ ಪಾಲಿನದ್ದನ್ನೂ ಹೊತ್ತು, ನೀರೂ ತಂದುಕೊಟ್ಟಳು. ಬೇರೆ ಜೋಡಿಗಳು ಕೈಕಾಲು ತೊಳೆದು ಮೆಟ್ಟಿಲ ಮೇಲೆ ಕೂತ ಮೇಲೂ ಇವರದ್ದು ಇನ್ನೂ ಒಂದು ಮೂಲೆ ಉಳಿದಿತ್ತು. ಮುಗಿಸಿಯೇ ಇಳಿದರು.

ಕೆಳಗೆ ಸರ್ವೋತ್ತಮ ಪಗಾರ ಹಂಚುತ್ತಿದ್ದ. ಈ ಇಬ್ಬರದ್ದನ್ನು ಮಾಪಣ್ಣನ ಕಡೆ ಚಾಚಿದ. “ನೀನೇ ಕೊಟ್ಟುಬಿಡು. ಇವರಲ್ಲಿ ಗಂಡಸು ಇಲ್ಲ ಅಲ್ವಾ.”

ಮರಗಮ್ಮ ಕಾರುಗಳು ಒಳಬರುವ ದಾರಿಯ ನಟ್ಟನಡುವೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಆಫೀಸು ಮುಗಿಸಿ ಬರುವವರ ಹೊತ್ತು. ಮೊದಲ ಕಾರು ಹಾರ್ನ್ ಹೊಡೆಯಿತು, ಹಿಂದೆ ಇನ್ನೊಂದು, ಅದರ ಹಿಂದೆ ರಿಕ್ಷಾ. ಬಾಲ್ಕನಿಗಳಲ್ಲಿ ಜನ ಬಗ್ಗಿ ನೋಡಿದರು.

“ಏಳಿ ಅಜ್ಜಿ! ನನ್ನ ಮಾನ ತೆಗೀಬೇಡಿ!”

“ನಾ ಏಳ್ತೀನಿ ಅಂತೀನಿ, ಮೊಣಕಾಲು ಒಲ್ಲೆ ಅಂತದ. ಪಗಾರ ಆಕಿ ಕೈಯಾಗ ಬಿದ್ರ ಏಳ್ತದೇನೋ, ನೋಡ್ರಿ.”

ಸರ್ವೋತ್ತಮ ಹಲ್ಲು ಕಚ್ಚಿಕೊಂಡು ದಾನೇಶ್ವರಿಯ ಅಂಗೈಗೆ ದುಡ್ಡು ಇಟ್ಟ. ಅವಳು ಅದನ್ನು ಎಲ್ಲರ ಎದುರೇ ಎರಡು ಪಾಲು ಮಾಡಿ ಒಂದನ್ನು ಮರಗಮ್ಮನಿಗೆ ಕೊಟ್ಟಳು. ಮೊಣಕಾಲು ಎದ್ದಿತು.

“ನಾಳಿಂದ ನಾಕಾದಾಗ ನಿಮಗ ಜಾಗಾ ಇಲ್ಲ” ಎಂದ ಮಾಪಣ್ಣ, ದಾರಿಯುದ್ದಕ್ಕೂ ತಡೆದುಕೊಂಡಿದ್ದನ್ನು ಕಲ್ಯಾಣದಲ್ಲಿ ಇಳಿದ ಮೇಲೆ ಕಕ್ಕುತ್ತ.

“ರಸ್ತಾ ಅದು, ಮಾಪಣ್ಣಾ. ನಿನ್ನ ಹಿತ್ತಲ ಅಲ್ಲ” ಎಂದಳು ಮರಗಮ್ಮ.

ಆದರೆ ಬೆಳಗಾಗುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಾಗಿತ್ತು. ಹೊರುವುದಿರಲಿ, ನಿಲ್ಲುವುದೇ ಕಷ್ಟ. ಆದರೂ ಮರಗಮ್ಮ ಗೋಡೆ ಹಿಡಿದು ನಾಕಾದ ತನಕ ಬಂದಳು, ಅಂಗಡಿಯ ಕಟ್ಟೆಯ ಮೇಲೆ ಕೂತಳು. ದಾನೇಶ್ವರಿ ಒಬ್ಬಳೇ ಹೋಗಿ ನಿಂತಳು. ಸರ್ವೋತ್ತಮನ ಟೆಂಪೊ ದೂರದಲ್ಲಿ ತಿರುಗುತ್ತಿತ್ತು, ಗಚ್ಚಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಮಾಪಣ್ಣ ಮೀಸೆಯಲ್ಲೇ ನಕ್ಕ.

“ಹ್ಯಾಂಗವ್ವಾ? ಇವತ್ತು ಎಲ್ಲಿ ಅದ ನಿನ್ನ ಜೋಡಿ?”

ದಾನೇಶ್ವರಿ ಟೆಂಪೊದ ಕಡೆಯೇ ನೋಡುತ್ತ ನಿಂತಳು. ಅವಳ ಗಲ್ಲ ಬಿಗಿದಿದ್ದು ಮರಗಮ್ಮನಿಗೆ ಅಲ್ಲಿಂದಲೇ ಕಂಡಿತು. ಮುದುಕಿ ಎದ್ದು ಅವಳ ಪಕ್ಕ ಹೋಗೋಣವೆಂದು ಕೈ ಊರಿದಳು, ಕಾಲು ಬರಲಿಲ್ಲ.

ಆಗ ಬಾಗಿ ಸೆರಗು ಸಿಕ್ಕಿಸಿಕೊಂಡಳು. ಗಂಡನ ಪಕ್ಕದಿಂದ ಹೊರಟು, ನಡುವಿನ ಆ ಖಾಲಿ ಜಾಗವನ್ನು ದಾಟಿ, ದಾನೇಶ್ವರಿಯ ಪಕ್ಕ ಬಂದು ನಿಂತಳು.

“ಏ ಬಾಗಿ! ಹುಚ್ಚು ಹಿಡೀತೇನು? ಇತ್ತ ಬಾ!”

“ನೀ ಇವತ್ತು ಭೀಮೂನ ಬಾಜೂಕ ನಿಂದ್ರು” ಎಂದಳು ಬಾಗಿ. “ಹೆಸರಿಗಷ್ಟ.”

ನಾಕಾದಲ್ಲಿ ಎದ್ದ ನಗೆಗೆ ಪಾನ್ ಅಂಗಡಿಯವನು ಹೊರಗೆ ಬಂದು ನೋಡಿದ. ಟೆಂಪೊ ಬಂದು ನಿಂತಿತು. ಸರ್ವೋತ್ತಮ ಆ ಇಬ್ಬರನ್ನು ನೋಡಿದ, ಮಾಪಣ್ಣನನ್ನು ನೋಡಿದ, ಕಟ್ಟೆಯ ಮೇಲೆ ಕೂತ ಮುದುಕಿಯನ್ನು ನೋಡಿದ. “ಎಂತಾದ್ರೂ ಮಾಡ್ಕೊಳ್ಳಿ ಮಾರಾಯ್ತಿ, ಬೇಗ ಹತ್ತಿ” ಎಂದ.

ಹತ್ತುವಾಗ ದಾನೇಶ್ವರಿಯ ಫೋನು ಬಡಿದುಕೊಂಡಿತು. ಅಣ್ಣ. ಅವಳು ಒಂದು ಕೈಯಲ್ಲಿ ಟೆಂಪೊದ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ನಾಕಾಕ್ಕೆಲ್ಲ ಕೇಳುವಂತೆ ಹೇಳಿದಳು:

“ಬರೂದಾದ್ರ ಬಾರೋ ಅಣ್ಣಾ. ಉಂಡು ಹೋಗು. ಮರಗವ್ವನ ಖೋಲಿ ಅಂತ ಕೇಳು, ಯಾರಾದ್ರೂ ತೋರಸ್ತಾರ. ನಾ ಹಗಲೊತ್ತಿನಾಗ ಮನ್ಯಾಗ ಇರಂಗಿಲ್ಲ, ಕೆಲಸಕ್ಕ ಹೋಗಿರ್ತೀನಿ.”