ಮುಂಗೋಡೆಯ ಬಣ್ಣ

ಗೋಡೆಗೆ ಮೂರನೆಯ ಮಾದರಿ ಪಟ್ಟಿ ಬಳಿಯುವಾಗ ಸಂಘಮಿತ್ರಳ ಮೊಣಕೈಗೆ ಬಣ್ಣ ಮೆತ್ತಿತು. ಒರೆಸಿಕೊಳ್ಳದೆ ಬ್ರಷ್ಷನ್ನು ಕೆಳಗಿನವರೆಗೂ ಎಳೆದಳು. ಕೆನೆ, ಪಾಚಿ ಹಸಿರು, ಇಟ್ಟಿಗೆ ಕೆಂಪು. ಶ್ರೀರಾಂಪುರದ ಈ ಹೊಸ ಮನೆ ಅವಳ ಕುಟುಂಬದ್ದೇ, ಮುಂಗೋಡೆ ಪಡುವಲಕ್ಕಿತ್ತು. ಊರಿನ ಮನೆಗಳಿಗೆ ಬಣ್ಣ ಹೊಂದಿಸಿಕೊಡುವುದು ಅವಳ ಕೆಲಸ. ಗೋಡೆಯ ಮೇಲೆ ಬಳಿದು, ಬೆಳಗಿನ ಬೆಳಕಲ್ಲೂ ಸಂಜೆಯ ಬಿಸಿಲಲ್ಲೂ ನೋಡದೆ ಯಾರಿಗೂ ಬಣ್ಣ ಹೇಳುವವಳಲ್ಲ. ಬಂದವರನ್ನು ಮೊದಲು ಕೇಳುತ್ತಿದ್ದುದೂ ಒಂದೇ: ಯಾವ ಬಣ್ಣ ಬೇಡ? ಬೇಕಾದ್ದನ್ನು ಜನ ಪಕ್ಕದ ಮನೆ ನೋಡಿ ಹೇಳುತ್ತಾರೆ. ಬೇಡದ್ದು ಮಾತ್ರ ಒಳಗಿನಿಂದ ಬರುತ್ತದೆ.

ಅತ್ತೆ ಚಲುವಮ್ಮ ಸಿಮೆಂಟು ಮೂಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. "ಎಲ್ಲಾ ಚೆಂದಾಗೈತೆ ಕಣವ್ವ. ನೀಲಿ ಎಲ್ಲಿ?"

"ಪಡುವಲ ಬಿಸ್ಲು ಅತ್ತೆ. ನೀಲಿ ಬೇಗ ಮಂಕಾಗ್ಬುಡುತ್ತೆ."

"ಅಶೋಕಪುರದ ನಮ್ಮನೆ ಬಾಗ್ಲು ಮಂಕಾದಾಗೆಲ್ಲ ನಿಮ್ಮಾವ ತಿರ್ಗಾ ಬಳೀತಿದ್ರು. ಬಾಬಾಸಾಹೇಬ್ರ ಕೋಟಿನ ಬಣ್ಣ ಅಂತ."

ಒಳಗಿನಿಂದ ಗಂಡ ವಸಂತ್ ಬಂದ. "ಅವ್ವ, ಮೇಲಿನ ಮನೆ ಬಾಡಿಗೆಗೆ ಕೊಡ್ಬೇಕು. ಗೇಟ್ ಹತ್ರಾನೇ ನೀಲಿ ಕಂಡ್ರೆ, ನಾವ್ ಯಾರು ಅಂತ ತಿಳ್ದು ಜನ ಒಳಕ್ಕೇ ಬರಲ್ಲ."

"ಬಾಡ್ಗೆಯೋರ್ಗೆ ಎದ್ರಿಕೊಂಡು ಮನೆ ಕಟ್ದಾ? ಅಂಗಾದ್ರೆ ಕೀ ಅವ್ರಿಗೇ ಕೊಟ್ಬುಡು, ನಾವು ಬಾಡ್ಗೆಗಿರವ."

ವಸಂತ್ ನಕ್ಕ. "ನಿನ್ ಸೊಸೇನೇ ಹೇಳಿದ್ಳಲ್ಲ, ಬಿಸ್ಲಿಗೆ ನಿಲ್ಲಲ್ಲ ಅಂತ."

ಸಂಘಮಿತ್ರ ಬ್ರಷ್ಷನ್ನು ಡಬ್ಬದ ಅಂಚಿಗೆ ಒತ್ತಿ ಹಿಂಡಿದಳು. ಹೋದ ತಿಂಗಳಷ್ಟೇ ಜಯಲಕ್ಷ್ಮಿಪುರಂನಲ್ಲಿ ವೇದವತಿಯವರ ಮನೆಯ ಪಡುವಲ ಗೋಡೆಗೆ ಅವಳೇ ನೀಲಿ ಹೊಡೆಸಿದ್ದಳು. ಕೆನೆಯ ಪಕ್ಕ ಇಟ್ಟರೆ ಸಂಜೆ ಹೊತ್ತು ನೀಲಿ ಇನ್ನೂ ಆಳವಾಗಿ ಕಾಣುತ್ತದೆ, ಒಳ್ಳೆಯ ಪೇಂಟಾದರೆ ವರ್ಷಗಟ್ಟಲೆ ನಿಲ್ಲುತ್ತದೆ ಎಂದು ಒಪ್ಪಿಸಿದ್ದೂ ಅವಳೇ. ಅಲ್ಲಿ ನೀಲಿ ಬರೀ ಬಣ್ಣವಾಗಿತ್ತು.

ಗಂಡ ತನ್ನ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ್ದ. ಅವಳು ತನ್ನದನ್ನು ಬಿಸಿಲಿನ ಮೇಲೆ ಹೊರಿಸಿದ್ದಳು. ಯಾವ ಬಣ್ಣ ಬೇಡ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೇಳದೆಯೇ ಅವಳ ಕೈ ಉತ್ತರ ಕೊಟ್ಟುಬಿಟ್ಟಿತ್ತು.

ಬಿಸಿಲು ಓರೆಯಾಗಿ ಗೋಡೆಗೆ ಬಿತ್ತು. ಮೂರೂ ಬಣ್ಣ ಒಂದಕ್ಕೊಂದು ಒಪ್ಪಿಕೊಂಡು ನಿಂತಿದ್ದವು, ಬೆರಳಿಟ್ಟು ತೋರಿಸುವ ತಪ್ಪಿರಲಿಲ್ಲ. ಯಾರ ಮನೆ ಬೇಕಾದರೂ ಆಗಬಹುದಿತ್ತು ಅದು.

"ಮುಂಗೋಡೆಗೆ ಇಟ್ಟಿಗೆ ಕೆಂಪೇ ಅಲ್ವಾ? ನಾಳೆ ಪೇಂಟರ್ ಬರ್ತಾರೆ, ಈಗ್ಲೇ ತಂದ್ಬುಡ್ತೀನಿ," ಎಂದ ವಸಂತ್.

"ಬೇಡ, ನಾನೇ ಹೋಗ್ಬರ್ತೀನಿ. ನೀವು ಅತ್ತೇನ ಮನೆಗೆ ಬಿಡಿ."

ನಲ್ಲಿಯ ಕೆಳಗೆ ಬ್ರಷ್ ತೊಳೆದಳು. ಕೆಂಪು ನೀರು ಮರಳಿನ ಮೇಲೆ ಹರಿದು ಇಂಗಿತು. ಕೆನೆ ಇರಲಿ, ಹಸಿರೂ ಇರಲಿ. ಕೆಂಪಿನ ಜಾಗಕ್ಕೆ ನೀಲಿ; ಅಂಚಿಗಷ್ಟೇ ಅಲ್ಲ, ಗೇಟಿನಿಂದ ಬಾಗಿಲವರೆಗೆ ಗೋಡೆ ಪೂರ್ತಿ.

ಸ್ಕೂಟರಿನ ಕೀ ತೆಗೆದುಕೊಂಡು ಪೇಂಟ್ ಅಂಗಡಿಗೆ ಹೊರಟಳು.