ಮಾಗಳದ ಕನ್ನಡಿಯ ಕಾಲು ಭಾಗ

ಹೊಸ ಕನ್ನಡಿ ಗಾಜು ಮೂರು ಚದರಡಿ, ಅಡಿಗೆ ನೂರೈವತ್ತರಂತೆ ನಾನೂರೈವತ್ತು ರೂಪಾಯಿ. ಹಿಂದೆ ಹೊಡೆಯುವ ಪ್ಲೈವುಡ್ ನೂರೆಂಬತ್ತು. ಪಾಲಿಶು, ಉಜ್ಜುವ ಕಾಗದ ಇನ್ನೂರಿಪ್ಪತ್ತು. ಮೊಳೆ, ಕೊಕ್ಕೆ ಐವತ್ತು. ಎರಡು ದಿನದ ಕೂಲಿ ಸಾವಿರ. ಒಟ್ಟು ಸಾವಿರದ ಒಂಬೈನೂರು.

ಕೊಟ್ಟೂರಿನಲ್ಲಿ ಮೂವತ್ತೆಂಟು ವರ್ಷದಿಂದ ಫೋಟೋಗಳಿಗೂ ಕನ್ನಡಿಗಳಿಗೂ ಕಟ್ಟು ಹಾಕುತ್ತ ಬಂದ ಹಾಲೇಶಪ್ಪ ಈ ಲೆಕ್ಕವನ್ನು ಬಾಯಲ್ಲೇ ಹಾಕಿ ಮುಗಿಸಿದ. ಗಿರಾಕಿಯಿಂದ ತೆಗೆದುಕೊಳ್ಳುವುದು ಐನೂರು ಮಾತ್ರ. ಉಳಿದ ಸಾವಿರದ ನಾನೂರು ಅವಳ ಗೃಹಪ್ರವೇಶಕ್ಕೆ ತನ್ನ ಮುಯ್ಯಿ ಎಂದು ಆಗಲೇ ತೀರ್ಮಾನಿಸಿದ್ದ.

ಗಿರಾಕಿ ಸುಕನ್ಯಾ. ಹರಪನಹಳ್ಳಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವಳು, ಅಲ್ಲೇ ಹೊಸ ಮನೆ ಕಟ್ಟಿಸುತ್ತಿದ್ದವಳು. ಆ ಮನೆಯ ಹಾಲಿನ ಒಂದು ಗೋಡೆ ಪೂರ್ತಿ ಹಳೆಯ ಕನ್ನಡಿಗಳೇ ಇರಬೇಕು ಎಂದು ಅವಳಿಗೆ ಆಸೆ. ಹಗರಿಬೊಮ್ಮನಹಳ್ಳಿಯಲ್ಲಿ ಮುಚ್ಚಿಹೋದ ಒಂದು ಕ್ಷೌರದಂಗಡಿಯ ಉದ್ದ ಕನ್ನಡಿ, ಕೂಡ್ಲಿಗಿಯಲ್ಲಿ ಕೆಡವುತ್ತಿದ್ದ ಮನೆಯಿಂದ ಎರಡು, ಹಡಗಲಿಯಿಂದ ಮೊಟ್ಟೆಯಾಕಾರದ್ದೊಂದು, ಹೀಗೆ ಕೂಡಿಸಿ ಹಾಲೇಶಪ್ಪನ ಅಂಗಡಿಗೆ ತಂದಿಟ್ಟಿದ್ದಳು. ನಾಲ್ಕಕ್ಕೂ ಗಾಜು ಮಂಕು, ಅಂಚಿನಲ್ಲಿ ಕಪ್ಪು ಚುಕ್ಕೆ.

"ಗೋಡಿ ತುಂಬ ಕುರುಡ ಕನ್ನಡಿ ಹಾಕ್ಕೊಂಡು ಏನು ನೋಡಾಕಿ ತಂಗಿ?" ಎಂದು ಹಾಲೇಶಪ್ಪ ನಕ್ಕಿದ್ದ.

"ಮುಖ ನೋಡಾಕೆ ಬಚ್ಚಲಮನೇಲಿ ಹೊಸದು ಐತೆ ಕಾಕಾ. ಇವು ಗೋಡೆ ನೋಡಾಕೆ," ಎಂದಿದ್ದಳು ಅವಳು.

ಐದನೆಯದು ಮಾಗಳದಿಂದ ಲಗೇಜ್ ಆಟೋದಲ್ಲಿ ಬಂತು. ಜೊತೆಗೆ ಅವಳದೊಂದು ಫೋನು: "ಮೂಲೆ ಸಡಿಲ ಆಗೇತೆ, ಗೆದ್ದಲು ಹಿಡಿದೈತೆ. ಅದಷ್ಟು ನೋಡ್ರಿ ಕಾಕಾ. ಅವಸರ ಇಲ್ಲ."

ತೇಗದ ಚೌಕಟ್ಟು, ತಲೆಯ ಮೇಲೆ ಎದುರುಬದುರು ಎರಡು ಗಿಳಿ. ಅಂಥ ಕೆತ್ತನೆ ಈಗ ಮಾಡುವವರಿಲ್ಲ. ಮೂಲೆ ಬಿಗಿಯಾಯಿತು, ಗೆದ್ದಲು ತಿಂದಲ್ಲಿ ಹೊಸ ತುಂಡು ಕೂತಿತು. ಆಮೇಲೆ ಹಾಲೇಶಪ್ಪನಿಗೆ ಕೈ ಸುಮ್ಮನಿರಲಿಲ್ಲ. ಇಷ್ಟು ಚಂದದ ಕಟ್ಟಿನೊಳಗೆ ಕೆಳಗೆ ಒಂದು ಮೂಲೆ ಮೋಡ ಕವಿದಂತಿರುವ ಗಾಜು ಇರುವುದು ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಹೆಂಡತಿ ಶಿವಬಸಮ್ಮ ಚಹಾ ತಂದಿಟ್ಟು ಹೇಳಿದಳು: "ಕೇಳಿ ಮಾಡ್ರಿ. ಆಕಿ ಹೇಳಿದ್ದು ಮೂಲಿ ಒಂದನ್ನ."

"ಕೇಳಿದ್ರ ರೊಕ್ಕ ಕೊಡಾಕ ಬರ್ತಾಳ. ಮುಯ್ಯಿ ಅಂದಮ್ಯಾಲ ಕೇಳ್ತಾರೇನು?"

ಹೊಸ ಗಾಜು ಹಾಕಿದ. ಹಳೆಯದನ್ನು ಎಸೆಯಲಿಲ್ಲ. ಅದಕ್ಕೆ ಅವನ ಅಪ್ಪನ ಕಾಲದಿಂದ ಒಂದು ಪದ್ಧತಿಯಿತ್ತು. ಮುಖ ಕಂಡ ಗಾಜನ್ನು ತಿಪ್ಪೆಗೆ ಹಾಕಬಾರದು. ಕೊಯ್ದು ಸಣ್ಣ ಕನ್ನಡಿ ಮಾಡಿ, ಇಲ್ಲದವರಿಗೆ ದುಡ್ಡಿಲ್ಲದೆ ಕೊಡಬೇಕು. ಸುತ್ತಲಿನ ಹಳ್ಳಿಯವರಿಗೂ ಇದು ಗೊತ್ತಿತ್ತು. ದೇವಿಯ ಕಳಸದ ಹಿಂದೆ ಇಡಲು ಕನ್ನಡಿ ಬೇಕಾದ ಹೆಂಗಸರು ಹಾಲೇಶಪ್ಪನ ಅಂಗಡಿಗೇ ಬರುತ್ತಿದ್ದರು. ಮಾಗಳದ ಗಾಜನ್ನು ಅವನು ಸರಿಯಾಗಿ ನಾಲ್ಕು ಮಾಡಿದ. ಒಂದು ಶಿವಬಸಮ್ಮ ಕುಂಕುಮ ಇಟ್ಟುಕೊಳ್ಳಲು ಇರಿಸಿಕೊಂಡಳು. ಮೋಡ ಕವಿದದ್ದನ್ನು ಯಾರು ಒಯ್ಯುತ್ತಾರೆ, ಅದು ಖಾನೆಯಲ್ಲಿ ಉಳಿಯಿತು. ಒಂದನ್ನು ಇಟ್ಟಿಗಿಯ ಗಾದೆಪ್ಪ ಗಡ್ಡ ಹೆರೆದುಕೊಳ್ಳಲು ಒಯ್ದ. ಎಲ್ಲಕ್ಕಿಂತ ಸ್ವಚ್ಛವಾದ, ಮೇಲಿನ ಬಲಗಡೆಯ ತುಂಡನ್ನು ಉಚ್ಚಂಗಿದುರ್ಗದ ಕುರಿಗಾರರ ಮನೆಯ ಈರಕ್ಕ ಕಳಸಕ್ಕೆಂದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಒಂದು ತಿಂಗಳ ಮೇಲೆ ಸುಕನ್ಯಾ ಬಂದಳು. ಗೃಹಪ್ರವೇಶಕ್ಕೆ ಎಂಟು ದಿನ ಉಳಿದಿತ್ತು. ಹಾಲೇಶಪ್ಪ ಮಾಗಳದ ಕನ್ನಡಿಯ ಮೇಲಿದ್ದ ಬಟ್ಟೆಯನ್ನು ತಾನೇ ಎಳೆದ. ಗಾಜು ಝಗ್ಗೆಂದಿತು.

ಅವಳು ಹತ್ತಿರ ಹೋಗಿ ಗಾಜಿನ ಕೆಳಮೂಲೆಯನ್ನು ಬೆರಳಿನಿಂದ ಸವರಿದಳು.

"ಕಾಕಾ, ಇದರ ಗಾಜು?"

"ಬದಲಿ ಮಾಡೀನಿ. ರೊಕ್ಕದ ಮಾತು ಎತ್ತಬ್ಯಾಡ, ಅದು ನನ್ನ ಮುಯ್ಯಿ."

"ಹಳೇದೆಲ್ಲಿ?"

ಅವಳ ದನಿ ಕೇಳಿಯೇ ಹಾಲೇಶಪ್ಪನಿಗೆ ಎಲ್ಲೋ ತಪ್ಪಿದೆ ಎಂದು ತಿಳಿಯಿತು. ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಉಳಿದ ನಾಲ್ಕು ಕನ್ನಡಿ ಅಲ್ಲಿಲ್ಲಿ ಸಿಕ್ಕಂಥವು, ಕೊಂಡಂಥವು. ಇದು ಮಾತ್ರ ಅವಳ ಅವ್ವನ ತವರಿನದು. ಅವಳಿಗೆ ಒಂಬತ್ತು ವರ್ಷವಿದ್ದಾಗ ಅವ್ವ ತೀರಿಹೋದಳು. ಇರುವುದು ಒಂದೇ ಫೋಟೋ, ಮದುವೆಯದು, ಅದರಲ್ಲಿ ಅವ್ವ ಕಣ್ಣು ಮುಚ್ಚಿದ್ದಾಳೆ.

"ರಜಕ್ಕೆ ಮಾಗಳಕ್ಕೆ ಹೋದಾಗ ಇದರ ಮುಂದೆ ನಿಲ್ಲಿಸಿ ಹೆಳಲು ಹಾಕ್ತಿದ್ಲು. ನನ್ನ ಮುಖ ಆ ಮಂಕು ಮೂಲೇಲಿ ಬರ್ತಿತ್ತು, ಸರಿಯಾಗಿ ಕಾಣ್ತಿರಲಿಲ್ಲ. ಮೇಲೆ ಬಲಗಡೆ ಅವ್ವ ಚೆನ್ನಾಗಿ ಕಾಣ್ತಿದ್ಲು. ಅವಳ ಕಣ್ಣು ಬಿಟ್ಟ ಮುಖ ನಾನು ನೆನಸ್ಕೊಳ್ಳಾದೇ ಆ ಗಾಜಲ್ಲಿ ಕಾಕಾ."

ಶಿವಬಸಮ್ಮ ಒಳಗಿನಿಂದ ತನ್ನ ತುಂಡನ್ನು ತಂದು, ಮೇಲೆ ಅಂಟಿಸಿದ್ದ ಎರಡು ಬಿಂದಿ ಕಿತ್ತು, ಅವಳ ತೊಡೆಯ ಮೇಲಿಟ್ಟಳು. ಖಾನೆಯಲ್ಲಿದ್ದ ಮಂಕು ತುಂಡನ್ನೂ ತಂದು ಪಕ್ಕಕ್ಕಿಟ್ಟಳು. ಉಳಿದೆರಡು ಯಾರ ಮನೆ ಸೇರಿವೆ ಎಂದು ಹಾಲೇಶಪ್ಪ ಹೇಳಿದ.

ಮರುದಿನ ಮೊದಲ ಬಸ್ಸಿಗೆ ಹಾಲೇಶಪ್ಪ ಇಟ್ಟಿಗಿಗೆ ಹೋದ. ಹೊಸ ಗಾಜನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ ಜೊತೆಗೆ ಒಯ್ದಿದ್ದ. ಗಾದೆಪ್ಪ ಬೇವಿನ ಮರಕ್ಕೆ ಕನ್ನಡಿ ತೂಗುಹಾಕಿ ಅರ್ಧ ಗಡ್ಡ ಹೆರೆದಿದ್ದ.

"ಕೊಟ್ಟದ್ದು ತಿರುಗಿ ಕೇಳಾಕ ಬಂದೀಯೇನಲೇ ಹಾಲೇಶಾ? ನಿಮ್ಮಪ್ಪ ಇದ್ದಿದ್ರ ಕಾಲಾಗಿಂದು ಕೈಯಾಗ ತಗೋತಿದ್ದ."

"ಬೈಯ್ಯೋ, ನಾಲ್ಕು ಬೈಯಿ. ಅದರ ನಾಲ್ಕರಷ್ಟು ದೊಡ್ಡದು ತಂದೀನಿ, ಹೊಸದು."

ಗಾದೆಪ್ಪ ಗಾಜನ್ನು ಗೋಣಿಯಿಂದ ಹೊರಗೆ ತೆಗೆದು, ಅರ್ಧ ಗಡ್ಡದ ತನ್ನ ಮುಖ ನೋಡಿಕೊಂಡ. "ಇಷ್ಟು ಚಂದ ಅದೀನೇನು ನಾನು! ಇದಕ್ಕ ಕಟ್ಟು?"

"ಮುಂದಿನ ವಾರ ಹಾಕಿ ಕೊಡ್ತೀನಿ."

"ಬಾಯಿಮಾತು. ಮೊದಲು ಕಟ್ಟು, ಆಮ್ಯಾಲ ತುಂಡು."

ಕೊನೆಗೆ ಹಾಲೇಶಪ್ಪ ಮುನ್ನೂರು ರೂಪಾಯಿ ಅಡವು ಇಟ್ಟು ತುಂಡು ಬಿಡಿಸಿಕೊಂಡ.

ಉಚ್ಚಂಗಿದುರ್ಗಕ್ಕೆ ತಾನೂ ಬರುತ್ತೇನೆ ಎಂದಳು ಸುಕನ್ಯಾ. ಕಾರು ಅವಳೇ ಓಡಿಸಿದಳು. ದಾರಿಯುದ್ದಕ್ಕೂ ಹಾಲೇಶಪ್ಪ ಹೇಗೆ ಕೇಳಬೇಕು ಎಂದು ಮಾತು ಜೋಡಿಸುತ್ತಿದ್ದ. ಈರಕ್ಕನ ಮನೆಯ ಹೊಸ್ತಿಲಲ್ಲಿ ಒಂದೂ ನೆನಪಾಗಲಿಲ್ಲ. ದೇವರ ಮೂಲೆಯಲ್ಲಿ ಕಳಸ ಕೂತಿತ್ತು. ಅದರ ಹಿಂದೆ ಗೋಡೆಗೊರಗಿಸಿದ ಗಾಜಿನ ಸುತ್ತ ಮಲ್ಲಿಗೆ ದಂಡೆ, ಅಂಚಿಗೆ ಹಚ್ಚಿದ ಅರಿಶಿನದ ಭಂಡಾರ.

ವಿಷಯ ಕೇಳಿದ ಈರಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಹುಣ್ಣಿವಿ ದಿನ ಅಮ್ಮನ್ನ ಕುಂದರ್ಸೀವಿ ಯಣ್ಣಾ. ಕುಂದರ್ಸಿದ ಮ್ಯಾಲ ಕನ್ನಡಿ ತೆಗೆಯಂಗಿಲ್ಲ. ಅಮ್ಮಗ ಮುಖ ನೋಡ್ಕೊಳ್ಳಾಕ ಅಂತ ಇಟ್ಟದ್ದು, ನಾನು ಹೆಂಗ ಕಸಗೊಳ್ಳಲಿ?"

"ಬೇರೆ ತಂದೀನಿ ಈರಕ್ಕಾ, ಇದಕ್ಕಿಂತ ಚಲೋದು."

"ಚಲೋದು ಅಂತ ತಂದೇ ಅಲ್ಲೇನು ಈ ಹುಡುಗಿ ಕಣ್ಣಾಗ ನೀರು ತರಿಸಿದ್ದು ನೀನು?"

ಹಾಲೇಶಪ್ಪ ತಲೆ ತಗ್ಗಿಸಿದ. ಈರಕ್ಕನೇ ಒಂದು ದಾರಿ ಹೇಳಿದಳು: "ಹೂ ಕೇಳ್ತೀನಿ. ಬಲಕ್ಕ ಬಿದ್ರ ಅಮ್ಮ ಕೊಟ್ಟಂಗ, ಒಯ್ಯಿರಿ. ಎಡಕ್ಕ ಬಿದ್ರ ಇಲ್ಲ."

ಅವಳು ಕಳಸದ ತಲೆಯ ಮೇಲೆ ಹೂ ಇಡಲು ಕೈ ಚಾಚಿದಳು. ಸುಕನ್ಯಾ ಆ ಕೈ ಹಿಡಿದಳು.

"ಬ್ಯಾಡ ಅವ್ವಾ, ಕೇಳಬ್ಯಾಡ್ರಿ. ಬಲಕ್ಕೆ ಬಿದ್ರೂ ನಿಮ್ಮ ದೇವರ ಮುಂದಿಂದ ಒಯ್ದು ನಮ್ಮ ಹಾಲಿನ ಗೋಡೆಗೆ ಹಾಕಾಕೆ ನನಗಾಗಲ್ಲ."

"ಹಂಗಾದ್ರ ಬರಿಗೈಲಿ ಕಳಿಸಂಗಿಲ್ಲ. ಕುಂದ್ರು."

ಈರಕ್ಕ ಅವಳನ್ನು ಕಳಸದ ಮುಂದೆ ಕೂರಿಸಿ ಕುಂಕುಮ ಹಚ್ಚಿದಳು. ಹಿಂದೆ ನಿಂತು, ಒಂದು ಮೊಳ ಮಲ್ಲಿಗೆಯನ್ನು ಅವಳ ಮುಡಿಗೆ ಸಿಕ್ಕಿಸತೊಡಗಿದಳು. ಕೂದಲು ನುಣುಪು, ಹೂ ಜಾರುತ್ತಿತ್ತು. "ಅಲ್ಲಾಡಬ್ಯಾಡ," ಎಂದು ತಲೆಯ ಮೇಲೆ ಮೆಲ್ಲನೆ ಒಂದು ಮೊಟಕಿದಳು. ಸಣ್ಣ ಗಾಜು, ಅದರಲ್ಲಿ ಸುಕನ್ಯಾಳ ಹಣೆ ಅರ್ಧ, ಮೇಲೆ ಹಸಿರು ಬಳೆಯ ಎರಡು ಕೈ ಕಾಣುತ್ತಿದ್ದವು, ಅಷ್ಟೆ. ಹೂ ನಿಂತ ಮೇಲೂ ಅವಳು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹಾಲೇಶಪ್ಪ ಹೊರಗೆ ಹೋಗಿ ಕುರಿಹಟ್ಟಿ ನೋಡುತ್ತ ನಿಂತ.

ಸಿಕ್ಕ ಮೂರು ತುಂಡನ್ನು ಅವನು ಗಿಳಿಯ ಚೌಕಟ್ಟಿಗೆ ತಿರುಗಿ ಕೂರಿಸಿದ. ಕೊಯ್ದ ಗೆರೆ ಕಾಣದಂತೆ ಅಡ್ಡಕ್ಕೊಂದು ಉದ್ದಕ್ಕೊಂದು ತೇಗದ ಪಟ್ಟಿ ಹೊಡೆದ. ನೋಡಿದವರಿಗೆ ಅದು ಈಗ ನಾಲ್ಕು ಕಣ್ಣಿನ ಕಿಟಕಿ. ಮೇಲಿನ ಬಲಗಡೆಗೆ ಹೊಸ ಗಾಜು ಹಾಕಲೇ ಎಂದು ಈ ಸಲ ಫೋನು ಮಾಡಿ ಕೇಳಿದ. ಬೇಡ, ಬರೀ ಹಲಗೆ ಇರಲಿ ಎಂದಳು. ಹಲಗೆ ಹಾಕಿದ. ಉಳಿದ ನಾಲ್ಕು ಕನ್ನಡಿಗಳ ಮಂಕನ್ನು ಮುಟ್ಟಲೇ ಇಲ್ಲ. ಗೃಹಪ್ರವೇಶದ ದಿನ ಐದೂ ಆ ಗೋಡೆಯ ಮೇಲಿದ್ದವು. ಬಂದವರಲ್ಲಿ ಅರ್ಧ ಜನ ಹೊಗಳಿದರು, ಅರ್ಧ ಜನ ಇದೇನು ಕುರುಡ ಕನ್ನಡಿ ಎಂದರು. ಕೊಟ್ಟೂರಿನ ಅಂಗಡಿಯಲ್ಲಿ ಈಗ ಯಾರ ಹಳೆಯ ಕನ್ನಡಿ ಬಂದರೂ ಹಾಲೇಶಪ್ಪನ ಮೊದಲ ಮಾತು, "ಇದರಾಗ ಯಾರು ಮುಖ ನೋಡ್ಕೊಂತಿದ್ರು?"

ಹಾಲೇಶಪ್ಪನಿಗೆ ಹೋದದ್ದು ಒಂದು ಹೊಸ ಗಾಜು, ಗಾದೆಪ್ಪನ ಕಟ್ಟು, ನಾಲ್ಕು ದಿನದ ಕೆಲಸ. ಸುಕನ್ಯಾಳಿಗೆ ಅವ್ವನ ಕನ್ನಡಿಯಲ್ಲಿ ಮುಕ್ಕಾಲು ಸಿಕ್ಕಿತು. ಅವ್ವ ಕಾಣುತ್ತಿದ್ದ ಕಾಲು ಭಾಗ ಉಚ್ಚಂಗಿದುರ್ಗದಲ್ಲೇ ಉಳಿಯಿತು.