ಮೂವತ್ತು ಗ್ರಾಂ ಚಮಚ

ಬೆಳಿಗ್ಗೆ ಆರು ಹತ್ತಕ್ಕೆ ಶಿವಗಂಗವ್ವ ನನ್ನನ್ನು ತಪ್ಪು ಡಬ್ಬಿಯಲ್ಲಿ ಅದ್ದಿದಳು.

ನಾನು ಒಂದು ಪ್ಲಾಸ್ಟಿಕ್ ಚಮಚ. ಬಿಸಿ ಅಚ್ಚಿನಿಂದ ಹೊರಬಿದ್ದಾಗಲೇ ನನ್ನ ಅಳತೆ ನಿಗದಿಯಾಗಿತ್ತು: ಪ್ರೋಟೀನ್ ಪುಡಿ ಮಟ್ಟವಾಗಿ ತುಂಬಿದರೆ ಮೂವತ್ತು ಗ್ರಾಂ. ಅದೇ ಪುಡಿಯಲ್ಲಿ ಹೂತುಕೊಂಡು, ಮುಚ್ಚಳದ ಕೆಳಗಿನ ಕತ್ತಲಲ್ಲಿ ಗದಗಿಗೆ ಬಂದೆ. ಸೀಲು ಕಿತ್ತು ನನ್ನನ್ನು ಬೆಳಕಿಗೆ ತಂದವಳು ಕಸ್ತೂರಿ. ಬೆನ್ನು ಗಟ್ಟಿಯಾಗಲೆಂದು ಅವಳು ಹೆಂಗಸರ ಜಿಮ್ಮಿಗೆ ಸೇರಿದ್ದಳು.

ಅಲ್ಲಿ ಕಲಿಸುವ ಫರ್ಜಾನಾ ಹೇಳಿದ್ದನ್ನೆಲ್ಲ ಮನೆಗೆ ಬಂದು ಅತ್ತೆ ಶಿವಗಂಗವ್ವನಿಗೆ ಒಪ್ಪಿಸುತ್ತಿದ್ದಳು. ಮೊದಲು ಊಟ: ಬೇಳೆ, ಮೊಸರು, ಕಾಳು. ಸಾಲದಿದ್ದರೆ ದಿನಕ್ಕೊಂದು ಚಮಚ ಪ್ರೋಟೀನ್. ರಕ್ತ ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ಬೇಡ. ಕಸ್ತೂರಿಯ ತಂಗಿ ಕೊಟ್ಟಿದ್ದ, ವ್ಯಾಯಾಮಕ್ಕೆ ಮುಂಚೆ ಕುಡಿಯುವ ಹುರುಪಿನ ಪುಡಿಯಂತೂ ಬೇಡವೇ ಬೇಡ. ಅದರ ಹತ್ತು ಗ್ರಾಮಿನಲ್ಲಿ ಇನ್ನೂರು ಮಿಲಿಗ್ರಾಂ ಕೆಫೀನ್, ಎರಡು ಕಪ್ ಗಟ್ಟಿ ಕಾಫಿಯಷ್ಟು. ತಿರುಗಿ ಕೊಡಬೇಕೆಂದು ಕಸ್ತೂರಿ ಅದನ್ನು ಕಪಾಟಿನಲ್ಲಿಟ್ಟಳು. ಕೊಡುವುದು ಉಳಿಯಿತು.

ಕಪಾಟಿನಲ್ಲಿ ಇರುವೆ ಎದ್ದವು. ಶಿವಗಂಗವ್ವ ಎರಡೂ ಪುಡಿಗಳನ್ನು ಜೋಡಿ ಸ್ಟೀಲ್ ಡಬ್ಬಿಗಳಿಗೆ ಸುರಿದಳು. ಎರಡೂ ಬೆಳ್ಳಗೆ. ಹುರುಪಿನ ಪುಡಿಯ ಚಮಚ ಹೆಬ್ಬೆರಳಷ್ಟಿತ್ತು. "ಇದರಾಗ ಕೂಸಿಗೆ ಔಷಧ ಕುಡಿಸಬೇಕಷ್ಟ," ಎಂದು ಎಸೆದು ನನ್ನೊಂದನ್ನೇ ಇಟ್ಟುಕೊಂಡಳು. ಸೊಸೆಗೆ ಪುಡಿ ಕಲಸಿಕೊಡುವುದು ಅವಳದೇ ಕೆಲಸ. ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಅಂದು ಅದ್ದಿದ ಕೂಡಲೇ ಗೊತ್ತಾಯಿತು. ಈ ಪುಡಿ ಭಾರ, ಹುಳಿ. ಇದು ಆ ಹುರುಪಿನ ಪುಡಿ. ಕೂಗಲು ನನಗೆ ಬಾಯಿಲ್ಲ. ಜಾರಿ ಬೀಳೋಣವೆಂದರೆ ಮುದುಕಿಯ ಹಿಡಿತ ಬಿಗಿ.

"ಅತ್ತಿ, ಇದೇನ್ರಿ, ಹುಳಿ ಹುಳಿ?"

"ನಿನ್ನಿ ಪಾನಕ ಮಾಡಿದ್ದ ಲೋಟ. ಕುಡೀ. ಗಂಡಸರಂಗ ಭಾರ ಎತ್ತಾಕಿ, ಹುಳಿಗೆ ಹೆದರ್ತಾಳ!"

ಕಸ್ತೂರಿ ನಕ್ಕು ಕುಡಿದಳು. ಹತ್ತು ದಿನದ ಮೇಲೆ ನಲ್ಲಿಯಲ್ಲಿ ನೀರು ಬಂದಿತ್ತು. ಜಿಮ್ಮಿಗೆ ಹೋಗದೆ ಕೊಡ ತುಂಬಲು ನಿಂತಳು. ಏಳಾಗುವ ಮುನ್ನ ಕೊಡ ಕೆಳಗಿಟ್ಟು ಎದೆ ಹಿಡಿದುಕೊಂಡಳು. ತುಟಿ ಬಿಳಿಚಿತ್ತು.

"ಅತ್ತಿ, ಎದಿ ಒಡದು ಹೊರಗ ಬರಾಕತ್ತೈತಿ."

ಶಿವಗಂಗವ್ವ ಫರ್ಜಾನಾಳಿಗೆ ಫೋನ್ ಹಚ್ಚಿದಳು.

"ಅಮ್ಮಾ, ಏನ್ ಕುಡಿಸಿದ್ರಿ?"

"ಅದವ್ವಾ, ದಿನಾ ಕೊಡೂದು."

"ಹುಳಿ ಇತ್ತೇನು?"

ಶಿವಗಂಗವ್ವ ನನ್ನ ಅಂಚನ್ನು ನೆಕ್ಕಿ ನೋಡಿದಳು.

"ಇತ್ತವ್ವಾ."

"ಆ ಪುಡಿ, ಚಮಚ ಎರಡೂ ತಗೊಂಡು ದವಾಖಾನಿಗೆ ನಡೀರಿ. ಈಗ. ನಾನೂ ಬಂದೆ."

ಆಟೋದಲ್ಲಿ ಶಿವಗಂಗವ್ವನ ಮುಷ್ಟಿಯೊಳಗಿದ್ದೆ. ಬೆವರಿಗೆ ಒದ್ದೆಯಾದೆ. "ನನ್ನ ಕೈಯಾರೆ ಕೊಟ್ಟೆ, ನನ್ನ ಕೈಯಾರೆ," ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದಳು. ವೈದ್ಯೆ ಆ ಪುಡಿಯನ್ನು ನನ್ನಲ್ಲಿ ತುಂಬಿ ತೂಗಿದರು: ನಲವತ್ತು ಗ್ರಾಂ. ಫರ್ಜಾನಾ ಲೆಕ್ಕ ಹೇಳಿದಳು: ಎಂಟುನೂರು ಮಿಲಿಗ್ರಾಂ ಕೆಫೀನ್. ಕಸ್ತೂರಿಯ ಎದೆಗೆ ತಂತಿ ಅಂಟಿಸಿದರು. ಬಡಿತ ನಿಮಿಷಕ್ಕೆ ನೂರ ನಲವತ್ತೆಂಟು. ಯಂತ್ರ ಕೂಗಿದಾಗಲೆಲ್ಲ ಮುದುಕಿಯ ಉಗುರು ನನ್ನ ಹಿಡಿಗೆ ನಾಟುತ್ತಿತ್ತು. ಸಂಜೆ ನಾಲ್ಕಕ್ಕೆ ಬಡಿತ ತೊಂಬತ್ತಕ್ಕೆ ಇಳಿಯಿತು. ಮರುದಿನ ಮನೆಗೆ ಕಳಿಸಿದರು.

ಈಗ ನಾನು ಬಚ್ಚಲಮನೆಯಲ್ಲಿ, ಸೋಪಿನ ಪುಡಿಯೊಳಗೆ ಇದ್ದೇನೆ. ಅಂಚು ಸವೆದಿದೆ. ನನ್ನ ಅಳತೆ ಅಂದೂ ಸರಿಯಾಗಿಯೇ ಇತ್ತು, ಬೇರೆ ಪುಡಿಗೆ. ಆ ಯೋಚನೆ ಬಂದಾಗಲೆಲ್ಲ ಇನ್ನೂ ಭಯವಾಗುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ ಮೂರು ದಿನ ಶಿವಗಂಗವ್ವ ಒಲೆಯ ಹತ್ತಿರ ಸುಳಿಯಲಿಲ್ಲ. ನಾಲ್ಕನೆಯ ದಿನ ಕಸ್ತೂರಿಯೇ ಕೂಗಿದಳು: "ಅತ್ತಿ, ಚಾ ಮಾಡ್ರಿ." ಶಿವಗಂಗವ್ವ ಚಹಾ ಮಾಡಿದಳು. ಅರ್ಧ ತಾನು ಕುಡಿದು, ಎದೆಯ ಮೇಲೆ ಕೈಯಿಟ್ಟು ಅರ್ಧ ಗಂಟೆ ಗೋಡೆಗೆ ಒರಗಿ ಕೂತು, ಆಮೇಲೆ ಉಳಿದದ್ದನ್ನು ಸೊಸೆಗೆ ಕೊಟ್ಟಳು. ಆರಿಹೋಗಿದ್ದ ಚಹಾವನ್ನು ಕಸ್ತೂರಿ ಪೂರ್ತಿ ಕುಡಿದಳು.